ಅಧಿಕಾರಿಯಾಗಿದ್ದ ಅತ್ತೆಯ ಬದುಕನ್ನು ಬರೆದಿಡುವುದು ಹೇಗೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ವಿರಾಜಪೇಟೆಯ ಒಂದು ಕುಟುಂಬದಿಂದ ಉದ್ದನೆಯ ಪತ್ರ ಬಂದಿದೆ. ಅವರ ಸೋದರತ್ತೆ ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ ತಹಶೀಲ್ದಾರ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಬೈಕ್ ಓಡಿಸಿದರು, ಬೆಟ್ಟ ಹತ್ತಿದರು, ಹಿಮಾಲಯಕ್ಕೂ ಹೋಗಿ ಬಂದರು. ಮನೆಯ ಮಕ್ಕಳಿಗೆಲ್ಲ ಅವರೆಂದರೆ ಪ್ರಾಣ. ತೀರಿಕೊಂಡು ವರ್ಷ ತುಂಬುವುದರೊಳಗೆ ನೆನಪಿನ ಪುಸ್ತಕ ತರಬೇಕೆಂದು ಕುಟುಂಬದವರ ಆಸೆ. ಇಂಥದ್ದೇ ಪ್ರಶ್ನೆಗಳು ಬೇರೆ ಕಡೆಗಳಿಂದಲೂ ಬಂದಿರುವುದರಿಂದ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಕಂದಾಯ ದಾಖಲೆ ಬಲ್ಲವರು, ಹಳೆ ಫೋಟೋ ಮತ್ತು ಕ್ಯಾಸೆಟ್ ಕೆಲಸದವರು, ಮುದ್ರಣದವರು ಸೇರಿ ಉತ್ತರಿಸಿದ್ದಾರೆ.

ಅತ್ತೆಯ ಟ್ರಂಕಿನಲ್ಲಿ ಆದೇಶದ ಪ್ರತಿ, ಡೈರಿ, ಫೋಟೋ, ಕಾಗದ ಎಲ್ಲ ಕಲಸಿಕೊಂಡಿವೆ. ನೆಂಟರು, ಸಹೋದ್ಯೋಗಿಗಳು ಒಂದೊಂದು ಲೇಖನ ಬರೆದುಕೊಡುತ್ತೇವೆ ಎನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ? – ವಿರಾಜಪೇಟೆ

ಲೇಖನ ಕೇಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಈಗ ಕೇಳಿದರೆ ಇಪ್ಪತ್ತು ಜನ ಇಪ್ಪತ್ತು ಸಲ ‘ದಕ್ಷ, ಪ್ರಾಮಾಣಿಕ, ಸ್ನೇಹಜೀವಿ’ ಎಂದು ಬರೆದು ಕೊಡುತ್ತಾರೆ. ಅತ್ತೆಯ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುವಂಥ ಪುಸ್ತಕವಾಗುತ್ತದೆ. ಮೊದಲು ಕಾಲಪಟ್ಟಿ ಮಾಡಿ. ಉದ್ದ ನೋಟ್‌ಬುಕ್ಕಿನಲ್ಲಿ ಐದು ಅಂಕಣ ಎಳೆಯಿರಿ: ತಾರೀಕು, ಊರು, ಹುದ್ದೆ ಅಥವಾ ಸಂಗತಿ, ಆಧಾರ, ಅನುಮಾನ. ಯಾರಾದರೂ ಹೇಳಿದ ಮಾತಾದರೆ ಆಧಾರದ ಅಂಕಣದಲ್ಲಿ ಹೇಳಿದವರ ಹೆಸರು ಬರೆಯಬೇಕು, ಕಾಗದವಾದರೆ ಕಟ್ಟಿನ ಸಂಖ್ಯೆ. ಈ ಪಟ್ಟಿ ಕೈಯಲ್ಲಿಟ್ಟುಕೊಂಡು ಹೋದರೆ ಸಹೋದ್ಯೋಗಿಗಳನ್ನು ‘ಅವರ ಬಗ್ಗೆ ಹೇಳಿ’ ಎಂದು ಕೇಳಬೇಕಾಗುವುದಿಲ್ಲ. ‘ಸೋಮವಾರಪೇಟೆಯಲ್ಲಿ ನೀವಿಬ್ಬರೂ ಒಂದೇ ಶಾಖೆಯಲ್ಲಿದ್ದಿರಿ. ಆ ಮಳೆಗಾಲ ಯಾವ ರಸ್ತೆ ಮುಚ್ಚಿತ್ತು, ಅವರು ಕಚೇರಿಗೆ ಹೇಗೆ ಬರುತ್ತಿದ್ದರು?’ ಎಂದು ಕೇಳಬಹುದು. ಅಂಥ ಪ್ರಶ್ನೆಗೆ ಬರುವ ಉತ್ತರದಲ್ಲಿ ಅತ್ತೆ ಇರುತ್ತಾರೆ.

ಟ್ರಂಕನ್ನು ಒಮ್ಮೆಲೇ ಸುರಿಯಬೇಡಿ. ಯಾವ ಕಾಗದ ಯಾವುದರ ಜೊತೆ ಕಟ್ಟಿತ್ತು ಎಂಬುದೂ ಒಂದು ಸಾಕ್ಷಿ. ತಾರೀಕಿಲ್ಲದ ಫೋಟೋ ಒಂದು ವರ್ಗಾವಣೆ ಆದೇಶದ ಲಕೋಟೆಯಲ್ಲೇ ಇದ್ದರೆ ಅದರ ಕಾಲ ಅರ್ಧ ಗೊತ್ತಾದಂತೆ. ಪದರ ಪದರವಾಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಪ್ರತಿ ಕಟ್ಟಿಗೂ ಸಂಖ್ಯೆಯ ಚೀಟಿ ಇಟ್ಟ ಮೇಲೆ ಬಿಡಿಸಿ. ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ಪುಗಳನ್ನು ಎಳೆದರೆ ಕಾಗದ ಹರಿಯುತ್ತದೆ. ಸೂಜಿಯ ಎರಡೂ ಬದಿಗೆ ತೆಳು ರಟ್ಟು ತೂರಿಸಿ, ಕಾಗದವನ್ನು ಒತ್ತಿ ಹಿಡಿದು ಸೂಜಿಯನ್ನು ಮಾತ್ರ ಹೊರಗೆ ಜಾರಿಸಿ. ಅದರ ಜಾಗಕ್ಕೆ ಹೊಸ ಕ್ಲಿಪ್ ಹಾಕಬೇಡಿ, ಮಡಚಿದ ಬಿಳಿ ಹಾಳೆಯೊಳಗಿಟ್ಟರೆ ಸಾಕು.

ಸರ್ಕಾರಿ ಕಾಗದ ಓದುವಾಗ ಮೂರು ಕಡೆ ಎಲ್ಲರೂ ತಪ್ಪುತ್ತಾರೆ. ಒಂದು, ವರ್ಗಾವಣೆ ಆದೇಶದ ತಾರೀಕನ್ನೇ ಅಧಿಕಾರ ವಹಿಸಿಕೊಂಡ ತಾರೀಕು ಎಂದು ಬರೆಯುವುದು. ನಿಜವಾದ ತಾರೀಕು ಪ್ರಭಾರ ಹಸ್ತಾಂತರ ಪತ್ರದಲ್ಲಿರುತ್ತದೆ. ಕಚೇರಿಯವರ ಬಾಯಲ್ಲಿ ಅದು ಸಿಟಿಸಿ. ಅದರಲ್ಲಿ ಪೂರ್ವಾಹ್ನವೋ ಅಪರಾಹ್ನವೋ ಎಂಬುದೂ ಇರುತ್ತದೆ. ಆದೇಶವಾಗಿ ವಾರಗಟ್ಟಲೆ ಬಿಡುಗಡೆಯಾಗದೆ ಉಳಿಯುವುದು, ಹೋಗುವ ಮೊದಲೇ ಆದೇಶ ರದ್ದಾಗುವುದು ಇಲಾಖೆಯಲ್ಲಿ ದಿನನಿತ್ಯದ ಮಾತು. ಎರಡು, ಪ್ರಭಾರ ಮತ್ತು ನಿಯೋಜನೆಯನ್ನು ಹುದ್ದೆ ಎಂದು ಎಣಿಸುವುದು. ತಹಶೀಲ್ದಾರರು ರಜೆಯಲ್ಲಿದ್ದಾಗ ಆರು ವಾರ ಪ್ರಭಾರದಲ್ಲಿದ್ದ ಶಿರಸ್ತೇದಾರರನ್ನು ‘ಆ ತಾಲ್ಲೂಕಿನ ತಹಶೀಲ್ದಾರ್ ಆಗಿದ್ದರು’ ಎಂದು ಬರೆದರೆ ಕಚೇರಿಯ ಗೋಡೆಯ ಹೆಸರು ಫಲಕದಲ್ಲಿ ಸಿಗುವುದಿಲ್ಲ, ಓದಿದವರು ಸುಳ್ಳೆನ್ನುತ್ತಾರೆ. ‘ಪ್ರಭಾರ’ ಎಂದೇ ಬರೆಯಿರಿ, ಅದರಲ್ಲಿ ಸಣ್ಣತನವೇನಿಲ್ಲ. ಮೂರು, ಹುಟ್ಟಿದ ದಿನ. ಮನೆಯಲ್ಲಿ ಹೇಳುವ ದಿನವೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ದಿನವೂ ಬೇರೆಯಾಗಿದ್ದರೆ ಎರಡನ್ನೂ ಕೊಡಿ. ನಿವೃತ್ತಿಯ ಲೆಕ್ಕ ದಾಖಲೆಯ ದಿನದ ಮೇಲೆ ನಡೆಯುತ್ತದೆ. 58 ತುಂಬಿದ ತಿಂಗಳ ಕೊನೆಯ ದಿನ ಅವರ ಕಾಲದ ನಿವೃತ್ತಿ. ಜನ್ಮದಿನ ತಿಂಗಳ 1ನೇ ತಾರೀಕಾಗಿದ್ದರೆ ಹಿಂದಿನ ತಿಂಗಳ ಕೊನೆಗೇ ನಿವೃತ್ತಿ. ‘ಅತ್ತೆಗೆ ಒಂದು ತಿಂಗಳು ಅನ್ಯಾಯವಾಯಿತು’ ಎಂಬ ಮನೆಮಾತಿನ ಹಿಂದೆ ಈ ನಿಯಮ ಇದ್ದರೂ ಇರಬಹುದು, ನೋಡಿಕೊಳ್ಳಿ.

ಸೇವಾ ವಹಿಯ (ಸರ್ವಿಸ್ ರಿಜಿಸ್ಟರ್) ಪ್ರತಿ ಕೇಳಿದರೆ ‘ಸಿಗುತ್ತಿಲ್ಲ’ ಎಂಬ ಉತ್ತರ. ಮಾಹಿತಿ ಹಕ್ಕಿನಲ್ಲಿ ಕೇಳಬಹುದೇ? – ಗೋಣಿಕೊಪ್ಪಲು

ಕೇಳಬಹುದು, ಆದರೆ ಅದು ಮೊದಲ ಹೆಜ್ಜೆಯಾಗದಿರಲಿ. ಮೊದಲು ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ ಹುಡುಕಿ. ಬ್ಯಾಂಕಿನ ಕಾಗದಗಳ ಜೊತೆ ಇರುತ್ತದೆ. ಹುಟ್ಟಿದ ದಿನ, ಸೇವೆಗೆ ಸೇರಿದ ದಿನ, ನಿವೃತ್ತಿಯ ದಿನ, ಕೊನೆಯ ಹುದ್ದೆ, ಕೊನೆಯ ಸಂಬಳ ಒಂದೇ ಕಡೆ ಸಿಗುವ ಕಾಗದ ಅದು. ಅದರ ಸಂಖ್ಯೆ ಇದ್ದರೆ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಲ್ಲೂ ವಿಚಾರಿಸಬಹುದು.

ಆಮೇಲೆ ರಾಜ್ಯಪತ್ರ. ಗೆಜೆಟೆಡ್ ಹುದ್ದೆಗೆ ಬಂದ ಮೇಲಿನ ನೇಮಕ, ಬಡ್ತಿ, ವರ್ಗಾವಣೆಗಳು ಅದರಲ್ಲಿ ಅಚ್ಚಾಗಿರುತ್ತವೆ. 1973ರ ನವೆಂಬರ್ 1ಕ್ಕೆ ಮುಂಚಿನದು ‘ಮೈಸೂರು ಗೆಜೆಟ್’ ಎಂಬ ಹೆಸರಿನಲ್ಲಿದೆ. ಹುಡುಕುವವರು ಸೋಲುವುದು ಹೆಸರಿನಲ್ಲಿ. ಕೊಡವ ಮನೆತನದವರಾದರೆ ಮನೆಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್, ಮತ್ತೊಂದು ಕಡೆ ತಂದೆಯ ಹೆಸರಿನ ಅಕ್ಷರವೂ ಸೇರಿ ಬಂದಿರುತ್ತದೆ. ಹಳೆಯ ಸಂಚಿಕೆಗಳು ಇಂಗ್ಲಿಷಿನಲ್ಲಿರುವುದರಿಂದ ಒಂದೇ ಮನೆಹೆಸರಿನ ಎರಡು ಮೂರು ಕಾಗುಣಿತವನ್ನೂ ಹುಡುಕಬೇಕು. ಮದುವೆಯಾದ ಅತ್ತೆಯಾದರೆ ನಡುವೆ ಮನೆಹೆಸರೇ ಬದಲಾಗಿರುತ್ತದೆ. ಆಗ ಮದುವೆಯ ಮೊದಲಿನ ಹುದ್ದೆಯೂ ನಂತರದ್ದೂ ಇಬ್ಬರು ಬೇರೆ ಬೇರೆ ಹೆಂಗಸರದ್ದೆಂಬಂತೆ ಕಾಣುತ್ತವೆ. ಸಾಧ್ಯವಿರುವ ಎಲ್ಲ ರೂಪಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೇ ಹುಡುಕಲು ಕೂರಿ.

ಮಾಹಿತಿ ಹಕ್ಕಿನ ಅರ್ಜಿಗೆ ರಾಜ್ಯ ಕಚೇರಿಯಲ್ಲಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮಹಾಲೇಖಪಾಲರ ಕಚೇರಿ ಕೇಂದ್ರದ್ದು, ಅಲ್ಲಿಗೆ 500 ಪದದ ಮಿತಿ. ಉತ್ತರಕ್ಕೆ 30 ದಿನ ಕಾಯಬೇಕು. ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಮಾಹಿತಿ ಆಯೋಗ.

‘ಸಂಪೂರ್ಣ ಸೇವಾ ವಹಿ ಕೊಡಿ’ ಎಂದು ಬರೆದರೆ ವೈಯಕ್ತಿಕ ಮಾಹಿತಿ ಎಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ತೋರಿಸಿ ತಿರಸ್ಕರಿಸುವ ಸಂಭವ ಹೆಚ್ಚು. ಅದಕ್ಕೇ ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ ವಾರಸುದಾರರಾಗಿ ಸಾದಾ ಅರ್ಜಿ ಕೊಡಿ. ಗೋಪ್ಯ ವರದಿ, ಆಸ್ತಿ ವಿವರ, ವೈದ್ಯಕೀಯ ರಜೆಯ ಕಾಗದ ಕೇಳುವುದೇ ಬೇಡ. ‘ಇಂಥ ದಿನದಿಂದ ಇಂಥ ದಿನದವರೆಗೆ ಇವರು ಕೆಲಸ ಮಾಡಿದ ಹುದ್ದೆ, ಸ್ಥಳ, ಅವಧಿಯ ಪಟ್ಟಿ’ ಎಂದಷ್ಟೇ ಕೇಳಿ. ಗುಮಾಸ್ತೆಯಾಗಿದ್ದ ಕಾಲಕ್ಕೆ ಜಿಲ್ಲಾಧಿಕಾರಿ ಕಚೇರಿಯ ಸಿಬ್ಬಂದಿ ಶಾಖೆಗೆ, ತಹಶೀಲ್ದಾರ್ ಆದ ಮೇಲಿನದಕ್ಕೆ ಬೆಂಗಳೂರಿನ ಕಂದಾಯ ಇಲಾಖೆಯ ಸೇವಾ ಶಾಖೆಗೆ ಬರೆಯಬೇಕು. ಕೆಎಎಸ್ ಅಧಿಕಾರಿಯಾಗಿದ್ದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ.

‘ಕಡತ ನಾಶವಾಗಿದೆ’ ಎಂದರೆ ಅದು ಯಾವ ವರ್ಗದ ಕಡತ ಎಂದು ಕೇಳಿ. ಎ ವರ್ಗ ಶಾಶ್ವತ, ಬಿ 30 ವರ್ಷ, ಸಿ 10 ವರ್ಷ, ಡಿ 5 ವರ್ಷ. ಅವಧಿ ಮುಗಿದ ಕಡತವನ್ನು ನಾಶಪಡಿಸಿದ್ದರೆ ಅದರ ನೋಂದಣಿ ಇರಬೇಕು. ಹಾಗೆಯೇ ಪೊನ್ನಂಪೇಟೆ, ಕುಶಾಲನಗರ ಈಗ ತಾಲ್ಲೂಕುಗಳಾದರೂ ಹಳೆಯ ಕಾಗದಗಳನ್ನು ವಿರಾಜಪೇಟೆ, ಸೋಮವಾರಪೇಟೆಗಳ ದಾಖಲೆ ಕೊಠಡಿಯಲ್ಲೇ ಮೊದಲು ಕೇಳುವುದು ಒಳ್ಳೆಯದು.

ಅವರು ‘ಕಚೇರಿ ಕೆಲಸ’ ಏನು ಮಾಡುತ್ತಿದ್ದರು ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪುಸ್ತಕದಲ್ಲಿ ಆ ಭಾಗ ಒಣಗಿದಂತೆ ಆಗದಿರಲು ಏನು ಮಾಡಬೇಕು? – ಸೋಮವಾರಪೇಟೆ

ಆ ಕಾಲದಲ್ಲಿ ಆ ಕುರ್ಚಿಯ ಮುಂದೆ ಯಾರು ಬಂದು ನಿಲ್ಲುತ್ತಿದ್ದರು ಎಂದು ನೋಡಿ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಜಮೀನಿನ ಹಕ್ಕು ಕೋರಿ ನಮೂನೆ 7ರಲ್ಲಿ ಅರ್ಜಿ ಹಾಕಿದರು, ಅದಕ್ಕೆ ಕೊನೆಯ ದಿನ 1979ರ ಜೂನ್ 30. ಅರ್ಜಿಗಳನ್ನು ತೀರ್ಮಾನಿಸಿದ್ದು ಭೂನ್ಯಾಯ ಮಂಡಳಿ. ಕಡತ ಸಿದ್ಧಪಡಿಸುವ, ನೋಟಿಸು ಕಳಿಸುವ, ಹೇಳಿಕೆ ಬರೆದುಕೊಳ್ಳುವ ಕೆಲಸ ತಾಲ್ಲೂಕು ಕಚೇರಿಯವರ ತಲೆ ಮೇಲೆ. ಅತ್ತೆ ಆ ವರ್ಷಗಳಲ್ಲಿ ತಾಲ್ಲೂಕು ಕಚೇರಿಯಲ್ಲಿದ್ದರೆ ದಿನದ ಬಹುಪಾಲು ಇದರಲ್ಲೇ ಹೋಗಿರುತ್ತದೆ. ಕೊಡಗಿನ ಕಡತವಂತೂ ಗದ್ದೆ ಯಾವುದು, ಬಾಣೆ (ಗದ್ದೆಗೆ ಹೊಂದಿಕೊಂಡ ಕಾಡಿನ ಜಮೀನು) ಯಾವುದು, ತೋಟ ಯಾವುದು, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಯಾವುದು ಎಂದು ಬಿಡಿಸಿಕೊಳ್ಳದೆ ಒಂದು ಪುಟವೂ ಅರ್ಥವಾಗದು. ಪುಸ್ತಕದಲ್ಲಿ ಈ ನಾಲ್ಕನ್ನೂ ಅರ್ಧ ಪುಟದಲ್ಲಿ ವಿವರಿಸಿ, ಬೆಂಗಳೂರಿನಲ್ಲಿ ಬೆಳೆದ ಮೊಮ್ಮಕ್ಕಳಿಗೆ ಬೇಕಾಗುತ್ತದೆ.

ಜನಗಣತಿಯ ವರ್ಷಗಳನ್ನು ಮರೆಯಬೇಡಿ: 1961, 71, 81, 91. ತಾಲ್ಲೂಕಿನ ಗಣತಿಯ ಹೊಣೆ ಹೊತ್ತ ಚಾರ್ಜ್ ಅಧಿಕಾರಿ ತಹಶೀಲ್ದಾರರೇ. ಟ್ರಂಕಿನ ಮೂಲೆಯಲ್ಲಿ ಸಣ್ಣ ಪದಕ ಸಿಕ್ಕಿದರೆ ಜನಗಣತಿಯದೇ ಎಂದು ತಿರುಗಿಸಿ ನೋಡಿ. ಚುನಾವಣೆಗಳಲ್ಲಿ ಸಹಾಯಕ ಚುನಾವಣಾಧಿಕಾರಿಯಾಗಿರುತ್ತಾರೆ, ಆ ಆದೇಶವೂ ಇರಬಹುದು.

ಎಲ್ಲಕ್ಕಿಂತ ಬೆಲೆಬಾಳುವುದು ಪ್ರವಾಸ ದಿನಚರಿ ಮತ್ತು ಭತ್ಯೆ ಬಿಲ್ಲಿನ ಪ್ರತಿ. ಎಷ್ಟು ಗಂಟೆಗೆ ಹೊರಟರು, ಎಷ್ಟು ಮೈಲಿ, ಬಸ್ಸೋ ಜೀಪೋ ನಡಿಗೆಯೋ, ರಾತ್ರಿ ಯಾವ ಪ್ರವಾಸಿ ಮಂದಿರದಲ್ಲಿ ತಂಗಿದರು, ಎಲ್ಲ ಅದರಲ್ಲಿದೆ. ಭಾಗಮಂಡಲದಿಂದ ಆಚೆಗೆ, ಬಿರುನಾಣಿಯ ಕಡೆಗೆ ಜೂನ್ ತಿಂಗಳಲ್ಲಿ ‘ನಡಿಗೆ’ ಎಂದು ಬರೆದಿರುವ ಒಂದು ಸಾಲು, ಅವರ ಧೈರ್ಯದ ಬಗ್ಗೆ ಬರುವ ಎರಡು ಪುಟದ ಹೊಗಳಿಕೆಗಿಂತ ಹೆಚ್ಚು ಹೇಳುತ್ತದೆ. ಅಂಥ ಒಂದು ಬಿಲ್ಲನ್ನು ಪೂರ್ತಿ ಪುಟಕ್ಕೆ ಅಚ್ಚು ಹಾಕಿ.

ಇನ್ನೊಂದು ಎಚ್ಚರ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯ. ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ಯಗಾರ. ಹಳೆಯ ಕಾಗದದಲ್ಲಿ, ಅತ್ತೆಯ ತಂದೆಯ ಉದ್ಯೋಗದ ವಿವರದಲ್ಲಿ ಈ ಹೆಸರು ಬಂದರೆ ‘ತಹಶೀಲ್ದಾರ್’ ಎಂದು ತಿದ್ದಬೇಡಿ.

‘ಕೊಡಗಿನ ಮೊದಲ ಮಹಿಳಾ ಅಧಿಕಾರಿ’ ಎಂದು ಮುಖಪುಟದಲ್ಲಿ ಹಾಕಬೇಕೆಂದು ಮನೆಯವರ ಹಟ. – ಮಡಿಕೇರಿ

ಹಾಕಬೇಡಿ. ಯಾವ ಹುದ್ದೆಗೆ, ಯಾವ ಇಲಾಖೆಯಲ್ಲಿ, ಯಾವ ವರ್ಷ ಎಂಬ ಮೂರೂ ಕಾಗದದಲ್ಲಿ ಸಿಗದೆ ‘ಮೊದಲ’ ಎಂಬ ಮಾತು ನಿಲ್ಲದು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲೇ ವಿದೇಶಾಂಗ ಸೇವೆಗೆ ಸೇರಿದ್ದವರು. ಕೊಡಗಿನಲ್ಲಿ ‘ಮೊದಲ ಮಹಿಳಾ ಅಧಿಕಾರಿ’ ಎಂದ ಕೂಡಲೇ ಓದುಗರಿಗೆ ನೆನಪಾಗುವ ಹೆಸರು ಅವರದೇ. ಅವರ ವಿಷಯದಲ್ಲೂ ವಿದೇಶಾಂಗ ಸೇವೆಯ ಮೊದಲ ಮಹಿಳೆ ಎಂಬುದು ಒಂದು ಸಂಗತಿ, ಆ ಸೇವೆಯಿಂದ ಮೊದಲ ಮಹಿಳಾ ರಾಯಭಾರಿಯಾಗಿ ಹಂಗೇರಿಗೆ ಹೋದದ್ದು ಇನ್ನೊಂದು ಸಂಗತಿ, ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು.

ಅವರ ಪ್ರಕರಣ ನಿಮಗೆ ಬೇರೊಂದು ಕಾರಣಕ್ಕೆ ಬೇಕು. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ನಂತರ ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು ಎಂಬ ನಿಯಮ ವಿದೇಶಾಂಗ ಸೇವೆಯಲ್ಲಿತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ತಾರತಮ್ಯವನ್ನು ಖಂಡಿಸಿದರು. ಆ ನಿಯಮ ನಿಮ್ಮ ಅತ್ತೆಯ ಕಂದಾಯ ಇಲಾಖೆಗೆ ಅನ್ವಯಿಸುತ್ತಿರಲಿಲ್ಲ, ಆದ್ದರಿಂದ ‘ಕೆಲಸಕ್ಕಾಗಿ ಮದುವೆ ಬಿಟ್ಟರು’ ಎಂದು ಅದಕ್ಕೆ ಗಂಟು ಹಾಕಬೇಡಿ. ಆದರೆ ಅವರು ಕೆಲಸಕ್ಕೆ ಸೇರಿದ ಕಾಲದ ಗಾಳಿ ಹೇಗಿತ್ತು ಎನ್ನುವುದಕ್ಕೆ ಒಂದು ಪ್ಯಾರಾ ಸಲ್ಲುತ್ತದೆ. ಮದುವೆಯಾಗದಿರಲು ಕಾರಣ ಅತ್ತೆಯೇ ಎಲ್ಲಾದರೂ ಬರೆದಿದ್ದರೆ ಅದನ್ನು ಕೊಡಿ. ಇಲ್ಲದಿದ್ದರೆ ಆ ವಿಷಯ ಬಿಟ್ಟುಬಿಡಿ.

ಆಲ್ಬಮ್ಮಿನ ಫೋಟೋಗಳಿಗೆಲ್ಲ ಬೂಷ್ಟು. ಸ್ಲೈಡುಗಳ ಮೇಲೆ ಜೇಡರ ಬಲೆಯಂಥ ಗೆರೆ. ಗಾಜಿನ ಫ್ರೇಮಿಗೆ ಒಂದು ಫೋಟೋ ಅಂಟಿಕೊಂಡಿದೆ. ಒರೆಸಬಹುದೇ? – ಭಾಗಮಂಡಲ

ಒದ್ದೆ ಬಟ್ಟೆ ಮುಟ್ಟಿಸಬೇಡಿ. ಈ ಒಂದು ಮಾತು ನೆನಪಿದ್ದರೆ ಅರ್ಧ ಫೋಟೋ ಉಳಿದಂತೆ. ಬೂಷ್ಟು ತಿಂದ ಜೆಲಾಟಿನ್ ಪದರ ನೀರಿನಲ್ಲಿ ಕರಗುವಂತಾಗಿರುತ್ತದೆ, ಒರೆಸಿದರೆ ಬೂಷ್ಟಿನ ಜೊತೆಗೆ ಮುಖವೂ ಹೋಗುತ್ತದೆ. ಬಿಸಿಲಿಗೂ ಹಾಕಬೇಡಿ, ಸುರುಳಿಯಾಗಿ ಪದರ ಬಿರಿಯುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಎಣ್ಣೆಯಂಶ ಫೋಟೋಗೆ ವಿಷ.

ತೇವಾಂಶ ಶೇಕಡಾ 65ರ ಮೇಲೆ ನಿಂತಲ್ಲಿ ಬೂಷ್ಟು ಬೆಳೆಯುತ್ತದೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಬಿಡಿಸುವ, ಸ್ಕ್ಯಾನ್ ಮಾಡುವ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳಿ. ಕಾಫಿ ಕುಯ್ಲಿನ ಗಡಿಬಿಡಿಯೂ ಅದೇ ಹೊತ್ತಿಗೆ ಎಂದು ಗೊತ್ತು, ಆದರೂ ಬೇರೆ ಕಾಲವಿಲ್ಲ. ಅಲ್ಲಿಯವರೆಗೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಐದು ಲೀಟರಿನ ಡಬ್ಬಿಗೆ ಕಾಲು ಕೆ.ಜಿ. ಸಾಕು. ಜೆಲ್ಲನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಡಿ, ಫೋಟೋಗೆ ತಾಗಬಾರದು. ಬಣ್ಣ ಬದಲಾಗುವ ಬಗೆಯನ್ನೇ ಕೊಳ್ಳಿ: ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ತುಂಬಿತು ಎಂದು ಅರ್ಥ. ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಎರಡು ಮೂರು ತಾಸಿಟ್ಟರೆ ಮತ್ತೆ ಬಳಸಬಹುದು. ಅತಿಯಾಗಿ ಕಾಯಿಸಿದರೆ ಬಣ್ಣ ಸುಟ್ಟು, ತೇವ ತುಂಬಿದೆಯೋ ಇಲ್ಲವೋ ಗೊತ್ತಾಗದು. ನುಸಿಗುಳಿಗೆ ಹಾಕಬೇಡಿ.

ಡಬ್ಬಿಯಲ್ಲಿ ಒಂದೆರಡು ವಾರ ಇದ್ದ ಮೇಲೆ ಬೂಷ್ಟು ಪುಡಿಯಂತಾಗುತ್ತದೆ. ಆಗ ಜಗಲಿಯಲ್ಲಿ, ಗಾಳಿಗೆ ಬೆನ್ನು ಹಾಕಿ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಅಗಲ ಕುಂಚದಿಂದ ಒಂದೇ ದಿಕ್ಕಿಗೆ ಹಗುರವಾಗಿ ತಳ್ಳಿ. ಹೋಗದೆ ಉಳಿದ ಕಲೆಯನ್ನು ಬಿಡಿ, ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಸ್ಲೈಡ್ ಮತ್ತು ನೆಗೆಟಿವ್‌ಗಳಿಗೆ ಮಾತ್ರ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ತಾಗಿಸಿ ಒಂದು ಸಲ ಎಳೆಯಬಹುದು. ಔಷಧಿ ಅಂಗಡಿಯ 70ರದ್ದು ಬೇಡ, ಅದರಲ್ಲಿ ಉಳಿದದ್ದು ನೀರೇ. ಮೊದಲು ಬೇಡವಾದ ಒಂದು ಸ್ಲೈಡಿನ ಅಂಚಿನಲ್ಲಿ ಪರೀಕ್ಷಿಸಿ. ಗೆರೆಗಳು ಪದರದೊಳಕ್ಕೇ ಇಳಿದಿದ್ದರೆ ಏನು ಮಾಡಿದರೂ ಹೋಗವು.

ಗಾಜಿಗೆ ಅಂಟಿದ ಫೋಟೋ ಕೀಳಬೇಡಿ. ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನರಿನ ಮೇಲಿಡಿ. ಅಂಟು ಹಾಳೆಯ ಆಲ್ಬಮ್ ಆದರೆ ಮೊದಲು ಇಡೀ ಪುಟ ಸ್ಕ್ಯಾನ್ ಮಾಡಿ, ಆಮೇಲೆ ಹಲ್ಲು ಶುಚಿಮಾಡುವ ದಾರವನ್ನು ಫೋಟೋದ ಮೂಲೆಯಿಂದ ಹಿಂಬದಿಗೆ ತೂರಿಸಿ ಗರಗಸ ಎಳೆದ ಹಾಗೆ ನಿಧಾನ ಎಳೆಯಿರಿ. ಬಗ್ಗಿಸಿ ಎತ್ತಿದರೆ ಅಡ್ಡಗೆರೆ ಬಿದ್ದು ಪದರ ಒಡೆಯುತ್ತದೆ.

ಸ್ಕ್ಯಾನ್ ಅಳತೆ: ಸಾಮಾನ್ಯ ಪ್ರಿಂಟಿಗೆ 600 ಡಿಪಿಐ, ಪಾಸ್‌ಪೋರ್ಟ್ ಅಳತೆಯದಕ್ಕೆ 1200, 35 ಎಂಎಂ ಸ್ಲೈಡಿಗೆ 3200ಕ್ಕಿಂತ ಕಡಿಮೆ ಬೇಡ. ಟಿಫ್ ಆಗಿ ಉಳಿಸಿ. ನಾಲ್ಕು–ಆರು ಇಂಚಿನ ಪ್ರಿಂಟ್ 600ರಲ್ಲಿ ಸುಮಾರು 26 ಎಂಬಿ ಆಗುತ್ತದೆ, ಅಷ್ಟು ಜಾಗ ಇಟ್ಟುಕೊಳ್ಳಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ, ಕೈಬರಹ ಅಲ್ಲೇ ಇರುತ್ತದೆ. ಕಡತದ ಹೆಸರು ವರ್ಷ-ತಿಂಗಳು-ಸಂಖ್ಯೆ ಎಂಬ ಕ್ರಮದಲ್ಲಿರಲಿ, ತಿಂಗಳು ಗೊತ್ತಿಲ್ಲದಿದ್ದರೆ 00.

ನಿವೃತ್ತಿಯ ದಿನದ ಭಾಷಣದ ಕ್ಯಾಸೆಟ್ ಇದೆ. ಹಾಕಿ ನೋಡಲು ಭಯ. – ನಾಪೋಕ್ಲು

ಕಿಟಕಿಯಿಂದ ಟೇಪಿನ ಸುತ್ತಿನ ಮೇಲೆ ಬಿಳಿ ಪುಡಿ ಕಂಡರೆ ಹಾಕಬೇಡಿ, ಅದು ಪರಿಣತರ ಕೆಲಸ. ಕಾಣದಿದ್ದರೆ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ಆಗ ಅಚಾನಕ್ಕಾಗಿ ರೆಕಾರ್ಡ್ ಗುಂಡಿ ಒತ್ತಿದರೂ ದನಿ ಅಳಿಸದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಸ್ಪಂಜು ಬಿದ್ದುಹೋಗಿಲ್ಲವೇ ನೋಡಿ. ಪ್ಲೇಯರಿನ ಹೆಡ್ಡನ್ನು ಆಲ್ಕೊಹಾಲಿನಿಂದ ಒರೆಸಿ, ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಸಡಿಲ ಮಾಡಿ. ಲೈನ್-ಔಟ್‌ನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಆಗಿ ಇಳಿಸಿ. ಸ್ಟೀರಿಯೋದಲ್ಲಿ ತಾಸಿಗೆ ಸುಮಾರು 1 ಜಿಬಿ. ಮಾತು ಕಂಬಳಿಯೊಳಗಿಂದ ಬಂದಂತೆ ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸ, ಶ ಅಕ್ಷರಗಳು ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ.

ಅತ್ತೆಯ ಸಾಹಸದ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ರಾತ್ರೋರಾತ್ರಿ ತಡಿಯಂಡಮೋಳ್ ಹತ್ತಿಳಿದು ಹತ್ತಕ್ಕೆ ಕಚೇರಿಯಲ್ಲಿದ್ದರಂತೆ, ಬೈಕಿನಲ್ಲಿ ಮಾಕುಟ್ಟ ಘಾಟಿ ಇಳಿದರಂತೆ, ಮಾನಸ ಸರೋವರಕ್ಕೆ ಹೋದರಂತೆ. ಯಾವುದನ್ನು ನಂಬುವುದು? – ವಿರಾಜಪೇಟೆ

ಒಂದೊಂದನ್ನೂ ಅಳೆದು ನೋಡಬಹುದು. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ನಾಲ್ಕುನಾಡು ಅರಮನೆಯ ಕಡೆಯಿಂದ ಒಂದು ದಿಕ್ಕಿಗೆ ಸುಮಾರು ಏಳು ಕಿ.ಮೀ.; ಗಟ್ಟಿ ಕಾಲಿನವರಿಗೆ ಹತ್ತಲು ಮೂರು ತಾಸು. ಕಕ್ಕಬೆಯಲ್ಲಿ ರಾತ್ರಿ ತಂಗಿದ್ದು, ಬೆಳದಿಂಗಳಿದ್ದು, ಬೈಕೂ ಇದ್ದರೆ ಕಥೆ ನಡೆಯುತ್ತದೆ. ವಿರಾಜಪೇಟೆಯಿಂದ ಬಸ್ಸಿನಲ್ಲಿ ಹೋಗಿ ಎಂದರೆ ನಡೆಯದು. ಆ ದಿನ ರಜೆಯೋ ಕೆಲಸದ ದಿನವೋ ಎಂದು ಡೈರಿಯೇ ಹೇಳಬೇಕು.

ಬೈಕಿನ ಫೋಟೋ ಇದ್ದರೆ ಟ್ಯಾಂಕಿನ ಮೇಲಿನ ಹೆಸರನ್ನು ಭೂತಗನ್ನಡಿಯಲ್ಲಿ ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದದ್ದು ‘ಜಾವಾ’, 1973ರಿಂದ ಅದು ‘ಯೆಜ್ಡಿ’. ನಂಬರ್ ಪ್ಲೇಟಿನಲ್ಲಿ ಕೊಡಗಿನ ಕೆಎ-12 ಎಂದಿದ್ದರೆ ಆ ಫೋಟೋ 1989ಕ್ಕಿಂತ ಹಿಂದಿನದಲ್ಲ. ನೆಗೆಟಿವ್ ಅಂಚಿನಲ್ಲಿ ‘ಇಂದು’ ಎಂಬ ಹೆಸರಿದ್ದರೆ ಅದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನದು. ಅಲ್ಲಿ ತಯಾರಿಕೆ ಶುರುವಾದದ್ದು 1960ರ ದಶಕದ ಉತ್ತರಾರ್ಧದಲ್ಲಿ. ಕೊಡಾಕ್ ಸ್ಲೈಡುಗಳ ರಟ್ಟಿನ ಮೇಲೆ ತೊಳೆದ ತಿಂಗಳು, ವರ್ಷ ಒತ್ತಿರುವುದುಂಟು. ಅದು ತೊಳೆದ ತಾರೀಕು, ತೆಗೆದದ್ದಲ್ಲ. ರೋಲು ಮುಗಿಯಲು ಅತ್ತೆ ವರ್ಷ ತೆಗೆದುಕೊಂಡಿದ್ದರೂ ಆಶ್ಚರ್ಯವಿಲ್ಲ. ಹಿನ್ನೆಲೆಯ ಬೆಟ್ಟದ ಸಾಲನ್ನು ಅದೇ ಜಾಗದಲ್ಲಿ ನಿಂತು ಹೋಲಿಸಿದರೆ ಪುಷ್ಪಗಿರಿಯೋ ಬ್ರಹ್ಮಗಿರಿಯೋ ತೀರ್ಮಾನವಾಗುತ್ತದೆ.

ಪರ್ವತಾರೋಹಣ ತರಬೇತಿ ಪಡೆದಿದ್ದರೆ ಪ್ರಮಾಣಪತ್ರ ಇದ್ದೇ ಇರುತ್ತದೆ. ಡಾರ್ಜಿಲಿಂಗ್‌ನ ಸಂಸ್ಥೆ 1954ರದು, ಉತ್ತರಕಾಶಿಯ ನೆಹರೂ ಸಂಸ್ಥೆ 1965ರದು. ಅದಕ್ಕೂ ಹಿಂದಿನ ವರ್ಷ ಹೇಳಿದರೆ ಹೇಳಿದವರಿಗೆ ನೆನಪು ತಪ್ಪಿದೆ. ಕೋರ್ಸಿನ ಸಂಖ್ಯೆ, ವರ್ಷ ಬರೆದು ಕೇಳಿದರೆ ಹುಡುಕುವವರಿಗೆ ಸುಲಭ. ಕೈಲಾಸ ಮಾನಸ ಸರೋವರ ಯಾತ್ರೆ ಭಾರತದಿಂದ ಮತ್ತೆ ತೆರೆದದ್ದು 1981ರಲ್ಲಿ, ವಿದೇಶಾಂಗ ಸಚಿವಾಲಯದ ಮೂಲಕ, ತಂಡ ತಂಡವಾಗಿ. ಪಾಸ್‌ಪೋರ್ಟ್, ವೈದ್ಯಕೀಯ ತಪಾಸಣೆಯ ಕಾಗದ, ತಂಡದ ಸಂಖ್ಯೆ ಇವುಗಳಲ್ಲಿ ಒಂದಾದರೂ ಸಿಗಬೇಕು. ಡೋಲ್ಮಾ ಕಣಿವೆ ದಾರಿ ಸುಮಾರು 5,600 ಮೀಟರ್ ಎತ್ತರ. ಪರಿಕ್ರಮೆ ಮಾಡಿದ್ದರೆ ಅದರ ಮಾತು ಕಾಗದಗಳಲ್ಲಿ ಬಾರದೆ ಇರದು. ಸರ್ಕಾರಿ ನೌಕರರಾದ್ದರಿಂದ ವಿದೇಶ ಪ್ರಯಾಣದ ಅನುಮತಿ ಮತ್ತು ಗಳಿಕೆ ರಜೆಯ ಮಂಜೂರಾತಿಯೂ ಇರುತ್ತದೆ. ಸಾಹಸವೆಲ್ಲ ರಜೆ ಅರ್ಜಿಯಲ್ಲೇ ಬರೆದಿರುತ್ತದೆ ಎಂದು ನೌಕರರಾಗಿದ್ದವರಿಗೆ ಗೊತ್ತು.

ಕಾಗದ ಸಿಗದ ಕಥೆಯನ್ನು ಬಿಸಾಡಬೇಡಿ. ‘ಮನೆಯಲ್ಲಿ ಹೇಳುವಂತೆ’ ಎಂದು ಪ್ರತ್ಯೇಕ ಅಧ್ಯಾಯ ಮಾಡಿ, ಮೂರು ಜನ ಮೂರು ರೀತಿ ಹೇಳಿದರೆ ಮೂರನ್ನೂ ಹೇಳಿದವರ ಹೆಸರಿನೊಂದಿಗೆ ಕೊಡಿ. ಪುಸ್ತಕ ಬಂದ ಮೇಲೆ ಎಲ್ಲರೂ ಮೊದಲು ತೆರೆಯುವುದು ಆ ಅಧ್ಯಾಯವನ್ನೇ.

ಕೋವಿ ಹಿಡಿದ ಫೋಟೋ, ಬೇಟೆಯಾಡಿದ ಕಾಡುಹಂದಿಯ ಜೊತೆಗಿನ ಫೋಟೋ ಹಾಕಬಹುದೇ? – ಸಿದ್ದಾಪುರ

ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ದಿನದ ಕೋವಿಗೆ ಯಾರ ಆಕ್ಷೇಪವೂ ಇರಲಾರದು. ಬೇಟೆಯ ಫೋಟೋ 1972ರ ವನ್ಯಜೀವಿ ಕಾಯ್ದೆಗೆ ಮುಂಚಿನದು ಎಂದು ಖಚಿತವಾದರೆ ವರ್ಷ ನಮೂದಿಸಿ ಹಾಕಿ. ವರ್ಷ ಗೊತ್ತಿಲ್ಲದಿದ್ದರೆ ಬಿಡಿ. ಗೋಡೆಯ ಮೇಲಿನ ಕೊಂಬು, ಚರ್ಮಕ್ಕೆ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಿ.

ಟ್ರಂಕಿನಲ್ಲಿ ಕಚೇರಿಯ ಮೂಲ ಕಡತ ಎರಡು ಸಿಕ್ಕಿವೆ. – ಕುಶಾಲನಗರ

ಅವು ನಿಮ್ಮವಲ್ಲ. ಪಟ್ಟಿ ಮಾಡಿ, ಸ್ವೀಕೃತಿ ಪಡೆದು ಆಯಾ ಕಚೇರಿಗೆ ಮರಳಿಸಿ. ಯಾರದೋ ಜಮೀನಿನ ಹಕ್ಕು ಅದರ ಮೇಲೆ ನಿಂತಿರಬಹುದು. ಅತ್ತೆಯ ಹೆಸರಿಗೆ ಬಂದ ಆದೇಶದ ಪ್ರತಿಗಳು ಮಾತ್ರ ಮನೆಯವು. ಅರ್ಜಿದಾರರ ಹೆಸರು, ದೂರು, ಗೋಪ್ಯ ವರದಿಯ ಸಾಲು ಯಾವುದನ್ನೂ ಪುಸ್ತಕದಲ್ಲಿ ಅಚ್ಚು ಹಾಕಬೇಡಿ.

ಮುದ್ರಣಕ್ಕೆ ಕೊಡುವಾಗ ಏನು ನೋಡಿಕೊಳ್ಳಬೇಕು? – ವಿರಾಜಪೇಟೆ

ಡೆಮಿ ಅಷ್ಟಪತ್ರ ಅಳತೆ, 16ರ ಗುಣಕದಲ್ಲಿ ಪುಟ. ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ ಎನ್ನುತ್ತಾರೆ, 80 ಪುಟವೆಂದರೆ ಐದು ಫಾರಂ. 83 ಪುಟವಾದರೆ ಆರನೆಯ ಫಾರಂ ತೆರೆಯುತ್ತದೆ, ಉಳಿದ 13 ಪುಟಕ್ಕೂ ದುಡ್ಡು. ಹೊಗಳಿಕೆಯ ಲೇಖನಗಳಲ್ಲಿ ಮೂರು ಪುಟ ಕತ್ತರಿಸಿ. ಫೋಟೋ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ ಇರಬೇಕು. ನೆಂಟರು ವಾಟ್ಸಾಪಿನಲ್ಲಿ ಕಳಿಸಿದ್ದು ಕುಗ್ಗಿರುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾದ ಲೇಖನವನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಕೆಡುತ್ತವೆ. ಅಂಕಿ ಕೆಟ್ಟರೆ ತಾರೀಕೇ ಹೋಯಿತು, ಆದ್ದರಿಂದ ಕರಡು ತಿದ್ದುವಾಗ ಒಬ್ಬರು ಕಾಲಪಟ್ಟಿ ಹಿಡಿದು ಅಂಕಿಗಳನ್ನು ಮಾತ್ರ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನಲ್ಲಿ ಗುರುತು ಹಾಕಲಿ. ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಹೇಳಿದ ಮಾತುಗಳನ್ನು ಕನ್ನಡಕ್ಕೆ ತಿರುಗಿಸಿ ಸಪಾಟು ಮಾಡಬೇಡಿ: ಕನ್ನಡ ಲಿಪಿಯಲ್ಲಿ ಹಾಗೆಯೇ ಕೊಟ್ಟು ಅರ್ಥವನ್ನು ಪುಟದ ಕೆಳಗೆ ಹಾಕಿ, ಆಡಿದವರಿಂದಲೇ ಒಮ್ಮೆ ಓದಿಸಿ. ಪ್ರತಿಗಳು ಬಂದ ಮೇಲೆ ಒಂದನ್ನು ಅವರು ಕೊನೆಗೆ ಕೆಲಸ ಮಾಡಿದ ತಾಲ್ಲೂಕು ಕಚೇರಿಗೆ, ಒಂದನ್ನು ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ. ಸ್ಕ್ಯಾನ್ ಕಡತಗಳ ಹಾರ್ಡ್ ಡಿಸ್ಕ್ ಎರಡಿರಲಿ, ಒಂದು ಕೊಡಗಿನ ಹೊರಗಿನ ಮನೆಯಲ್ಲಿರಲಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆಗಳೇ ಹೋದವು. ಕಾಗದ ಇಟ್ಟ ಮನೆಯೂ ಪ್ರತಿ ಇಟ್ಟ ಮನೆಯೂ ಒಂದೇ ಬೆಟ್ಟದ ಬುಡದಲ್ಲಿರುವುದು ಬೇಡ.